ಬಾಡಿಗೆಯ ಹಣದಲ್ಲಿ ನಮ್ಮದೆಷ್ಟು?

ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿದಷ್ಟು ಕಾಲವೂ ನಾನು ಒಂದೇ ಪ್ರಶ್ನೆಯನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಾ ಬಂದೆ. “ನಿವೃತ್ತಿಯ ದುಡ್ಡು ಬರುತ್ತದೆ, ಅದರಲ್ಲಿ ಒಂದು ಮನೆ ತೆಗೆದು ಬಾಡಿಗೆಗೆ ಕೊಟ್ಟುಬಿಟ್ಟರೆ ತಿಂಗಳ ಖರ್ಚು ನಡೆದುಹೋಗುತ್ತದಲ್ಲವೇ?” ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹಲವರಿಗೆ ಈಗಾಗಲೇ ಒಂದೋ ಎರಡೋ ಬಾಡಿಗೆ ಮನೆಗಳಿವೆ, ಇನ್ನು ಕೆಲವರು ಕೊಳ್ಳುವ ಯೋಚನೆಯಲ್ಲಿದ್ದೀರಿ. ಇಬ್ಬರಿಗೂ ನಾನು ಹೇಳಬೇಕಾದ ಮಾತು ಒಂದೇ. ತಿಂಗಳ ಮೊದಲ ವಾರದಲ್ಲಿ ಖಾತೆಗೆ ಬರುವ ಬಾಡಿಗೆಯಲ್ಲೂ, ಮನೆ ಕೊಡುವ ದಿನ ಕೈಗೆ ಬರುವ ಮುಂಗಡದಲ್ಲೂ ಬೇರೆಯವರ ಪಾಲು ಇದೆ. ಆ ಪಾಲು ಯಾರದ್ದು, ಎಷ್ಟು ಎಂದು ಬಿಡಿಸಿ ನೋಡದೆ ಎಲ್ಲವನ್ನೂ ತಮ್ಮದೆಂದು ಖರ್ಚು ಮಾಡಿದ ಮನೆಗಳು ಕಷ್ಟಕ್ಕೆ ಬಿದ್ದುದನ್ನು ನಾನು ಮೇಜಿನ ಈಚೆ ಬದಿಯಿಂದ ನೋಡಿದ್ದೇನೆ. ನಾನೂ ನನ್ನ ಮನೆಯ ಮೇಲಿನ ಮಹಡಿಯಲ್ಲಿ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟವನು, ಕೆಲವು ಪಾಠಗಳನ್ನು ದುಡ್ಡು ಕೊಟ್ಟೇ ಕಲಿತವನು.

ಒಂದು ಲೆಕ್ಕದಿಂದ ಆರಂಭಿಸೋಣ. ಬೆಂಗಳೂರಿನ ಹೊರವಲಯದಲ್ಲಿ 80 ಲಕ್ಷ ರೂಪಾಯಿಯ ಫ್ಲ್ಯಾಟ್ ಇದೆ, ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ, ಅಂದರೆ ಹಾಕಿದ ಹಣಕ್ಕೆ ಶೇ. 3.75. ಇದು ಕಾಗದದ ಮೇಲಿನ ಲೆಕ್ಕ. ಈಗ ಕಳೆಯುತ್ತಾ ಹೋಗೋಣ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಮನೆ ಖಾಲಿ ಇದ್ದರೆ 25,000 ಹೋಯಿತು. ದಲ್ಲಾಳಿಗೆ ಅರ್ಧ ತಿಂಗಳ ಬಾಡಿಗೆ ಎಂದರೂ 12,500. ಮನೆ ಕಂದಾಯ 9,000 ಎಂದುಕೊಳ್ಳಿ. ಮೂರು ವರ್ಷಕ್ಕೊಮ್ಮೆ ಸುಣ್ಣಬಣ್ಣಕ್ಕೆ 45,000 ತಗಲಿದರೆ ವರ್ಷದ ಪಾಲು 15,000. ನಲ್ಲಿ, ಗೀಸರು, ಬಾಗಿಲು, ಕಿಟಕಿ, ವಿದ್ಯುತ್ ರಿಪೇರಿಗಳಿಗೆ ಇನ್ನೊಂದು 15,000. ವಿಮೆಗೆ 3,500. ಉಳಿದದ್ದು 2,20,000 ರೂಪಾಯಿ, ಶೇ. 2.75. ಇದರಲ್ಲಿ ಆದಾಯ ತೆರಿಗೆ ಇನ್ನೂ ಕಳೆದಿಲ್ಲ, ಸಾಲದ ಬಡ್ಡಿಯ ಮಾತೇ ಎತ್ತಿಲ್ಲ. ಮನೆಯ ಬೆಲೆ ಏರುತ್ತದಲ್ಲ ಎಂದು ನೀವು ಹೇಳುತ್ತೀರಿ. ಏರುವುದು ಹೆಚ್ಚಾಗಿ ನೆಲದ ಬೆಲೆ. ಕಟ್ಟಡ ಪ್ರತಿ ವರ್ಷ ಹಳೆಯದಾಗುತ್ತದೆ, ಫ್ಲ್ಯಾಟಿನಲ್ಲಿ ನಮ್ಮ ಪಾಲಿನ ನೆಲ ಬಹಳ ಕಡಿಮೆ. ಬೆಲೆ ಏರಿದರೂ ಆ ಹಣ ಮಾರುವ ದಿನ ಬರುವಂಥದ್ದು, ತಿಂಗಳ ಕಿರಾಣಿ ಅಂಗಡಿಯ ಬಿಲ್ಲಿಗೆ ಅದು ಒದಗುವುದಿಲ್ಲ. ಮನೆ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ತಿಂಗಳಿಗೆ 25,000 ಬರುತ್ತದೆ ಎಂದು ಬದುಕನ್ನು ಹೊಂದಿಸಿಕೊಂಡವರಿಗೆ ನಿಜವಾಗಿ ಬರುವುದು 18,000ದ ಆಸುಪಾಸು ಎಂಬುದು ಮೊದಲೇ ತಿಳಿದಿರಬೇಕು ಎನ್ನುವುದಷ್ಟೇ ನನ್ನ ಕಾಳಜಿ.

ಕಂದಾಯದ ಬಗ್ಗೆ ಇಲ್ಲೇ ಒಂದು ಮಾತು. ಬೆಂಗಳೂರಿನಲ್ಲಿ 2008ರಲ್ಲಿ ಬಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿಯಲ್ಲಿ, ಅಂದರೆ ಕಟ್ಟಡದ ಚದರಡಿಗೆ ಇಷ್ಟೆಂದು ದರ ಇಟ್ಟು ಕಂದಾಯ ಲೆಕ್ಕ ಹಾಕುವ ಪದ್ಧತಿಯಲ್ಲಿ, ಬಾಡಿಗೆಗೆ ಕೊಟ್ಟ ಮನೆಯ ದರವನ್ನು ಸ್ವಂತ ವಾಸದ ಮನೆಯ ದರದ ಎರಡರಷ್ಟು ಇಟ್ಟರು. ತಾವು ವಾಸವಿದ್ದಾಗ ಕಟ್ಟುತ್ತಿದ್ದ ಮೊತ್ತವನ್ನೇ ಬಾಡಿಗೆಗೆ ಕೊಟ್ಟ ಮೇಲೂ ‘ಸ್ವಂತ ವಾಸ’ ಎಂದು ಘೋಷಿಸಿ ಕಟ್ಟುತ್ತಾ ಹೋದವರು ಅನೇಕರಿದ್ದಾರೆ. ವ್ಯತ್ಯಾಸ ಪತ್ತೆಯಾದ ದಿನ ಹಿಂದಿನ ವರ್ಷಗಳ ಬಾಕಿಯ ಜೊತೆಗೆ ದಂಡವೂ ಬಡ್ಡಿಯೂ ಬರುತ್ತವೆ. ಹಣಕಾಸು ವರ್ಷದ ಮೊದಲ ತಿಂಗಳಲ್ಲೇ ಪೂರ್ತಿ ಕಂದಾಯ ಕಟ್ಟಿದವರಿಗೆ ಶೇ. 5ರ ರಿಯಾಯಿತಿ ಕೊಡುವ ರೂಢಿಯಿದೆ. ಸುಳ್ಳು ಘೋಷಣೆಯಿಂದ ಉಳಿಸಲು ಹೊರಡುವುದಕ್ಕಿಂತ ಈ ರಿಯಾಯಿತಿಯನ್ನು ತಪ್ಪದೆ ಪಡೆಯುವುದು ನೆಮ್ಮದಿಯ ದಾರಿ.

ಇನ್ನು ರಿಪೇರಿಯ ವಿಷಯ. ಕಳೆದ ದಶಕದಲ್ಲಿ ಒಂದು ಮಳೆಗಾಲ ನನ್ನ ಮೇಲಿನ ಮನೆಯ ಮಲಗುವ ಕೋಣೆಯ ಮೂಲೆಯಲ್ಲಿ ಅಂಗೈಯಗಲದ ತೇವ ಕಾಣಿಸಿತು. ಬಾಡಿಗೆಗೆ ಇದ್ದವರು ಸಜ್ಜನರು, ಆ ದಿನವೇ ತಿಳಿಸಿದರು. ಮೇಸ್ತ್ರಿಯನ್ನು ಕರೆಸಿ ಕೇಳಿದಾಗ ತಾರಸಿಯ ಗಾರೆ ಬಿರುಕು ಬಿಟ್ಟಿದೆ, ವಾಟರ್‌ಪ್ರೂಫಿಂಗ್ ಮಾಡಿಸಬೇಕು, 28,000 ರೂಪಾಯಿ ಆಗುತ್ತದೆ ಎಂದರು. ಮಳೆ ನಿಲ್ಲಲಿ ಎಂದೆ. ಮಳೆ ನಿಂತಿತು, ತೇವ ಆರಿತು, ನಾನೂ ಮರೆತೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಕಬ್ಬಿಣಕ್ಕೆ ಇಳಿದು, ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಮೇಲ್ಛಾವಣಿಯ ಗಾರೆ ಹಾಳೆಹಾಳೆಯಾಗಿ ಕಳಚಿ ಬಿತ್ತು. ಆಗ ಕೊಟ್ಟದ್ದು 1,40,000. ಆ ಕುಟುಂಬ ಮನೆ ಬಿಟ್ಟುಹೋದದ್ದರಿಂದ ಎರಡು ತಿಂಗಳ ಬಾಡಿಗೆಯೂ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ಆ ಗಾರೆ ಬಿದ್ದದ್ದು ಮಗುವಿನ ಹಾಸಿಗೆಯಿಂದ ಎರಡು ಅಡಿ ಆಚೆ ಎಂಬುದು ಈಗಲೂ ನನ್ನನ್ನು ಕಾಡುತ್ತದೆ. ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಬಾಡಿಗೆ ಬಂದ ದಿನವೇ ಅದರ ಶೇ. 15ನ್ನು ಬೇರೆ ಖಾತೆಗೆ ಹಾಕುತ್ತೇನೆ. ಆ ಹಣ ನನ್ನದಲ್ಲ, ಕಟ್ಟಡದ್ದು. ಹತ್ತು ವರ್ಷ ದಾಟಿದ ಕಟ್ಟಡವಾದರೆ ಈ ಪಾಲನ್ನು ಶೇ. 20ಕ್ಕೆ ಏರಿಸುವುದು ಒಳ್ಳೆಯದು.

ಹಿಂದಿನ ವಠಾರಗಳನ್ನು ನೆನಪಿಸಿಕೊಳ್ಳಿ. ಬಸವನಗುಡಿಯಲ್ಲೋ ಮೈಸೂರಿನ ಅಗ್ರಹಾರದಲ್ಲೋ ನಡುವೆ ಅಂಗಳ, ಸುತ್ತ ಆರೋ ಎಂಟೋ ಮನೆ, ಮುಂದಿನ ಮನೆಯಲ್ಲಿ ಮಾಲೀಕರೇ ಇರುತ್ತಿದ್ದರು. ಹಂಚು ಜಾರಿದರೆ ಅವರ ಕಣ್ಣಿಗೆ ಬೀಳುತ್ತಿತ್ತು, ನಲ್ಲಿ ತೊಟ್ಟಿಕ್ಕಿದರೆ ಕಿವಿಗೆ ಬೀಳುತ್ತಿತ್ತು. ಈಗ ನಾವು ಜಯನಗರದಲ್ಲಿದ್ದು ವೈಟ್‌ಫೀಲ್ಡಿನ ಮನೆ ಬಾಡಿಗೆಗೆ ಕೊಡುತ್ತೇವೆ, ವರ್ಷಕ್ಕೊಮ್ಮೆಯೂ ಹೋಗಿ ನೋಡುವುದಿಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ಬಾಡಿಗೆದಾರರಿಗೆ ಮೊದಲೇ ತಿಳಿಸಿ ಹೋಗಿ ತಾರಸಿ, ಸಂಪು, ಪೈಪು, ಸ್ವಿಚ್ ಬೋರ್ಡು ನೋಡಿ ಬರುವುದಕ್ಕೆ ಅರ್ಧ ದಿನ ಸಾಕು. ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಇರುವವರು ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು: ಮಾಲೀಕರ ಸಂಘದಲ್ಲಿ ಕಾರ್ಪಸ್ ನಿಧಿ, ಅಂದರೆ ದೊಡ್ಡ ಖರ್ಚುಗಳಿಗೆಂದು ಕೂಡಿಟ್ಟ ಹಣ ಎಷ್ಟಿದೆ? ಲಿಫ್ಟು, ಜನರೇಟರು, ಕೊಳಚೆ ನೀರು ಶುದ್ಧೀಕರಣ ಘಟಕ ಇವೆಲ್ಲ ಒಂದು ದಿನ ಬದಲಾಯಿಸಬೇಕಾಗುತ್ತವೆ. ತಿಂಗಳ ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರು ಕಟ್ಟಿದರೂ, ಇಂತಹ ದೊಡ್ಡ ಖರ್ಚಿನ ವಂತಿಗೆ ಬರುವುದು ಮಾಲೀಕರ ಹೆಸರಿಗೆ. ಸಭೆಗೆ ಹೋಗದ ಮಾಲೀಕರಿಗೆ ಅದು ಒಮ್ಮೆಲೇ ಎರಗುತ್ತದೆ.

ನೀರಿನ ಖರ್ಚನ್ನು 2024ರ ಬೇಸಿಗೆ ನಮಗೆಲ್ಲ ಚೆನ್ನಾಗಿ ಕಲಿಸಿತು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನ ಬೆಲೆ ಕೈಮೀರಿದಾಗ ಆ ಮಾರ್ಚಿನಲ್ಲಿ ಬೆಂಗಳೂರು ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು: 5 ಕಿಲೋಮೀಟರಿನ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ‘ನೀರಿನ ಖರ್ಚು ಬಾಡಿಗೆಯಲ್ಲೇ ಸೇರಿದೆ’ ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದ ಮಾಲೀಕರು ಆ ಎರಡು ಮೂರು ತಿಂಗಳು ಬಾಡಿಗೆಯ ದೊಡ್ಡ ಭಾಗವನ್ನು ಟ್ಯಾಂಕರಿಗೆ ಕೊಟ್ಟರು. ಟ್ಯಾಂಕರ್ ತರಿಸಬೇಕಾಗಿ ಬಂದರೆ ಖರ್ಚು ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಕರಾರುಪತ್ರದಲ್ಲೇ ಒಂದು ಸಾಲು ಬರೆಯಿರಿ. ವಿದ್ಯುತ್ತಿಗೆ ಪ್ರತಿ ಮನೆಗೂ ಪ್ರತ್ಯೇಕ ಮೀಟರು, ಪ್ರತ್ಯೇಕ ಆರ್.ಆರ್. ನಂಬರು ಇರಲಿ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ; ಎರಡು ಮನೆಗೆ ಒಂದೇ ಮೀಟರು ಇಟ್ಟರೆ ಅವರಿಗೆ ಆ ಸೌಲಭ್ಯ ತಪ್ಪುತ್ತದೆ, ನಿಮಗೆ ಒಳ್ಳೆಯ ಬಾಡಿಗೆದಾರರು ತಪ್ಪುತ್ತಾರೆ. ಬಳಕೆ ಏರಿದಾಗ ವಿದ್ಯುತ್ ಕಂಪನಿ ಕೇಳುವ ಹೆಚ್ಚುವರಿ ಭದ್ರತಾ ಠೇವಣಿ ಮಾತ್ರ ಮೀಟರು ಯಾರ ಹೆಸರಿನಲ್ಲಿದೆಯೋ ಅವರದ್ದು. ಅದನ್ನು ಬಾಡಿಗೆದಾರರ ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡುವುದು ನ್ಯಾಯವಲ್ಲ.

ಈಗ ಮುಂಗಡಕ್ಕೆ ಬರುತ್ತೇನೆ. ಇಂದಿನ ಮಾತಿನಲ್ಲಿ ಇದು ಅತ್ಯಂತ ಮುಖ್ಯವಾದ ಭಾಗವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲ ನಡೆದುಬಂತು; ಈಗ ಹಲವೆಡೆ ಐದಾರು ತಿಂಗಳಿಗೆ ಇಳಿದಿದೆ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಮೊತ್ತ ಎಷ್ಟೇ ಇರಲಿ, ಅದು ಸಾಲ. ಬಡ್ಡಿ ಇಲ್ಲದ ಸಾಲ, ಆದರೆ ವಾಪಸು ಕೊಡಬೇಕಾದ ದಿನವನ್ನು ನಾವು ನಿರ್ಧರಿಸಲಾಗದ ಸಾಲ. ಬಾಡಿಗೆದಾರರಿಗೆ ವರ್ಗವಾದರೆ, ಅವರ ಮನೆಯಲ್ಲಿ ಸಾವುನೋವಾದರೆ, ಮುಂದಿನ ತಿಂಗಳೇ ಕೊಡಬೇಕು. ಎರಡೂವರೆ ಲಕ್ಷ ಮುಂಗಡ ಪಡೆದು ಮಗಳ ಮದುವೆಗೆ ಖರ್ಚು ಮಾಡಿದವರು, ಖಾಲಿ ಮಾಡುವ ಕುಟುಂಬಕ್ಕೆ ‘ಹೊಸಬರು ಬಂದ ಮೇಲೆ ಕೊಡುತ್ತೇನೆ’ ಎನ್ನುತ್ತಾರೆ. ಆ ಕುಟುಂಬವೂ ಇನ್ನೊಂದು ಮನೆಗೆ ಮುಂಗಡ ಕಟ್ಟಬೇಕಲ್ಲವೇ? ಆದ್ದರಿಂದ ಮುಂಗಡ ಬಂದ ವಾರವೇ ಅದನ್ನು ನಿಶ್ಚಿತ ಠೇವಣಿಯಲ್ಲಿ ಇಡಿ. ಬಡ್ಡಿ ನಿಮ್ಮದು, ಅಸಲು ಅವರದ್ದು. ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯ ಬಗ್ಗೆಯೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಐದು ವರ್ಷ ಇದ್ದು ಹೋದವರ ಮನೆಯ ಗೋಡೆ ಮಾಸುವುದು ಸಹಜ ಸವೆತ, ಅದರ ಖರ್ಚು ಮಾಲೀಕರದ್ದು. ಬಾಗಿಲು ಮುರಿದಿದ್ದರೆ, ಸಿಂಕು ಒಡೆದಿದ್ದರೆ ಅದು ಬೇರೆ. ಮನೆ ಕೊಡುವ ದಿನ ಇಬ್ಬರೂ ಸೇರಿ ಕೋಣೆಕೋಣೆಯ ಫೋಟೋ ತೆಗೆದಿಟ್ಟುಕೊಂಡರೆ, ಬಿಡುವ ದಿನ ಜಗಳಕ್ಕೆ ಜಾಗವಿರುವುದಿಲ್ಲ.

ಭೋಗ್ಯದ ಕಥೆ ಇನ್ನೂ ಗಂಭೀರ. ಮನೆಯ ಮುಂದೆ ‘ಲೀಸ್‌ಗೆ ಇದೆ’ ಎಂದು ಬೋರ್ಡು ಹಾಕುತ್ತೇವಲ್ಲ, ಅದೇ. ಒಮ್ಮೆಗೇ ದೊಡ್ಡ ಮೊತ್ತ ಪಡೆದು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಮನೆ ಕೊಟ್ಟು, ಅವಧಿ ಮುಗಿದಾಗ ಪೂರ್ತಿ ಮೊತ್ತ ಹಿಂದಿರುಗಿಸುವುದು. ತಿಂಗಳಿಗೆ 15,000 ಬಾಡಿಗೆ ಬರುವ ಮನೆಯನ್ನು 15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿರಿ ಎಂದುಕೊಳ್ಳಿ. ಬಡ್ಡಿಯಿಲ್ಲದ ಹಣ ಸಿಕ್ಕಿತೆಂದು ಅನೇಕರು ಸಂತೋಷಪಡುತ್ತಾರೆ. ಆದರೆ ನೀವು ಬಿಟ್ಟುಕೊಟ್ಟ ಬಾಡಿಗೆ ವರ್ಷಕ್ಕೆ 1,80,000. ಹದಿನೈದು ಲಕ್ಷಕ್ಕೆ 1,80,000 ಎಂದರೆ ಶೇ. 12ರ ಬಡ್ಡಿ. ಅದೇ ಹಣವನ್ನು ಶೇ. 7ರ ಠೇವಣಿಯಲ್ಲಿಟ್ಟರೆ ಬರುವುದು 1,05,000 ಮಾತ್ರ. ಅಂದರೆ ಭೋಗ್ಯದ ಹಣವನ್ನು ಸುರಕ್ಷಿತವಾಗಿ ಇಟ್ಟರೆ ನಷ್ಟ. ಲಾಭವಾಗಬೇಕಾದರೆ ಅದನ್ನು ಅಪಾಯದ ಕಡೆ ಹಾಕಬೇಕು, ಇಲ್ಲವೇ ಶೇ. 12ಕ್ಕಿಂತ ಹೆಚ್ಚು ಬಡ್ಡಿಯ ಸಾಲ ತೀರಿಸಲು ಬಳಸಬೇಕು. ಕೈಸಾಲ ತೀರಿಸುವುದಕ್ಕೆ ಭೋಗ್ಯ ಮಾಡಿದವರನ್ನು ನಾನು ಒಪ್ಪುತ್ತೇನೆ. ಇನ್ನೊಂದು ಮಹಡಿ ಎಬ್ಬಿಸಲು, ಕಾರು ಕೊಳ್ಳಲು ಭೋಗ್ಯ ಮಾಡಿದವರಿಗೆ ವಾಪಸು ಕೊಡುವ ದಿನ ಇರುವುದು ಒಂದೇ ದಾರಿ: ಮತ್ತೊಬ್ಬರಿಂದ ಭೋಗ್ಯದ ಹಣ ಪಡೆದು ಮೊದಲಿನವರಿಗೆ ಕೊಡುವುದು. ಈ ಸರಪಳಿ ವರ್ಷಗಟ್ಟಲೆ ಸರಾಗವಾಗಿ ನಡೆಯುತ್ತದೆ. 2020ರಲ್ಲಿ ಆದಂತೆ ಊರಿಗೆ ಊರೇ ಖಾಲಿಯಾಗಿ ಹೊಸಬರು ಸಿಗದಿದ್ದಾಗ ಒಂದೇ ದಿನದಲ್ಲಿ ತುಂಡಾಗುತ್ತದೆ.

ಬ್ಯಾಂಕಿನಲ್ಲಿದ್ದಾಗ ನಾನು ಕಂಡ ಒಂದು ಪ್ರಕರಣ ಹೇಳುತ್ತೇನೆ. ಒಬ್ಬ ಮಾಲೀಕರು ಸಾಲ ಪಡೆದು ನಾಲ್ಕು ಮನೆಗಳ ಕಟ್ಟಡ ಕಟ್ಟಿದ್ದರು, ನಾಲ್ಕನ್ನೂ ಭೋಗ್ಯಕ್ಕೆ ಕೊಟ್ಟಿದ್ದರು. ಭೋಗ್ಯಕ್ಕೆ ಕೊಟ್ಟ ಮನೆಯಿಂದ ತಿಂಗಳ ವರಮಾನವೇ ಇಲ್ಲ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಭೋಗ್ಯದ ಹಣ ವ್ಯಾಪಾರದಲ್ಲಿ ಮುಳುಗಿದ ಮೇಲೆ ಕಂತು ನಿಂತಿತು. ಸಾಲ ತೀರದಿದ್ದಾಗ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆಯಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯಿದೆಯ ಪ್ರಕಾರ ನೋಟಿಸು ಅಂಟಿಸಲು ಹೋದ ದಿನ, ಮನೆ ಅಡವಿಟ್ಟಿದೆ ಎಂಬುದೇ ಗೊತ್ತಿಲ್ಲದ ನಾಲ್ಕು ಕುಟುಂಬಗಳು ಬಾಗಿಲಲ್ಲಿ ನಿಂತಿದ್ದವು. ಅವರಲ್ಲಿ ಒಬ್ಬ ತಾಯಿ ಊರಿನ ಜಮೀನು ಮಾರಿ ಆ ಹಣ ಕೊಟ್ಟಿದ್ದರು. ಕಾನೂನಿನಂತೆ ನಮ್ಮ ಕೆಲಸ ನಾವು ಮಾಡಿದೆವು, ಆದರೆ ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ. ಸಾಲವಿರುವ ಮನೆಯನ್ನು ಭೋಗ್ಯಕ್ಕೆ ಕೊಡಬೇಡಿ. ಕೊಡಲೇಬೇಕಾದರೆ ಬ್ಯಾಂಕಿನ ಒಪ್ಪಿಗೆ ಪಡೆದು, ಸಾಲದ ವಿಷಯವನ್ನು ಪತ್ರದಲ್ಲಿ ಬರೆದು ಕೊಡಿ. ಇನ್ನೊಂದು ಬಗೆಯ ಮೋಸವೂ ನಡೆದಿದೆ. ಮಧ್ಯವರ್ತಿ ಸಂಸ್ಥೆಯೊಂದು ನಿಮ್ಮಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆಯುತ್ತದೆ, ನಿಮಗೆ ತಿಳಿಯದಂತೆ ಬೇರೊಂದು ಕುಟುಂಬಕ್ಕೆ ಭೋಗ್ಯಕ್ಕೆ ಕೊಡುತ್ತದೆ, ಕೆಲವು ತಿಂಗಳು ನಿಮಗೆ ಬಾಡಿಗೆ ಕಟ್ಟಿ ಕೊನೆಗೆ ಕಚೇರಿ ಮುಚ್ಚುತ್ತದೆ. ಆಗ ನಿಮ್ಮ ಮನೆಯಲ್ಲಿ ಲಕ್ಷಾಂತರ ಕೊಟ್ಟ ಕುಟುಂಬವಿದೆ, ನಿಮ್ಮ ಕೈಯಲ್ಲಿ ಒಂದು ಪೈಸೆಯೂ ಇಲ್ಲ. ಇಬ್ಬರೂ ನೊಂದವರೇ, ಇಬ್ಬರೂ ಪರಸ್ಪರ ಕೋರ್ಟಿನಲ್ಲಿ ನಿಲ್ಲಬೇಕಾಗುತ್ತದೆ. ಮನೆಯಲ್ಲಿ ವಾಸಿಸುವವರು ಯಾರು, ಅವರು ಯಾರಿಗೆ ಎಷ್ಟು ಕೊಟ್ಟಿದ್ದಾರೆ ಎಂಬುದನ್ನು ನೇರವಾಗಿ ಅವರಿಂದಲೇ ಕೇಳಿ ತಿಳಿದುಕೊಳ್ಳಿ.

ಮುಂಗಡವಾಗಲಿ ಭೋಗ್ಯವಾಗಲಿ, ಹಣ ಬ್ಯಾಂಕಿನ ಮೂಲಕವೇ ಬರಲಿ, ಬ್ಯಾಂಕಿನ ಮೂಲಕವೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಾಲ, ಠೇವಣಿಗಳನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ದಂಡ ಪಡೆದ ಮೊತ್ತದಷ್ಟೇ ಆಗಬಹುದು.

ಸಾಲದ ಬಡ್ಡಿಯ ಅಪಾಯವನ್ನು ಅಂಕಿಗಳಲ್ಲೇ ನೋಡಿ. 2020ರ ಮೇ ತಿಂಗಳಿಂದ ಎರಡು ವರ್ಷ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ದರ, ಶೇ. 4ರಲ್ಲಿತ್ತು. ಗೃಹಸಾಲ ಶೇ. 7ಕ್ಕಿಂತ ಕಡಿಮೆಗೆ ಸಿಗುತ್ತಿದ್ದ ಆ ಕಾಲದಲ್ಲಿ ಬಹಳ ಜನ ಬಾಡಿಗೆಗೆಂದೇ ಎರಡನೆಯ ಮನೆ ಕೊಂಡರು. 2022ರ ಮೇ ತಿಂಗಳಲ್ಲಿ ದರ ಏರಲು ಆರಂಭಿಸಿ 2023ರ ಫೆಬ್ರುವರಿಗೆ ಶೇ. 6.5 ತಲುಪಿತು. 50 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಶೇ. 6.75ರಂತೆ ಪಡೆದರೆ ಕಂತು ಸುಮಾರು 38,000; ಶೇ. 9 ಆದರೆ ಸುಮಾರು 45,000. ಬಾಡಿಗೆ 25,000 ಬರುವ ಮನೆಗೆ ಕೈಯಿಂದ ಹಾಕುತ್ತಿದ್ದ 13,000 ಈಗ 20,000 ಆಯಿತು. ಅನೇಕರಿಗೆ ಇದು ಗೊತ್ತೇ ಆಗಲಿಲ್ಲ, ಏಕೆಂದರೆ ಕಂತು ಏರಿಸುವ ಬದಲು ಅವಧಿಯನ್ನು ಉದ್ದ ಮಾಡಲಾಗಿತ್ತು. ಸಾಲದ ಆರಂಭದಲ್ಲೇ ದರ ಹೀಗೆ ಏರಿ, ಕಂತು ಮಾತ್ರ 38,000ದಲ್ಲೇ ನಿಂತರೆ ಏನಾಗುತ್ತದೆ? 50 ಲಕ್ಷಕ್ಕೆ ಶೇ. 9ರಂತೆ ತಿಂಗಳ ಬಡ್ಡಿಯೇ 37,500. ಅಸಲಿಗೆ ಹೋಗುವುದು ಐನೂರು ರೂಪಾಯಿ. ಲೆಕ್ಕ ಹಾಕಿದರೆ ಸಾಲ ತೀರಲು ಹತ್ತಿರ ಹತ್ತಿರ 48 ವರ್ಷ ಬೇಕು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಬೆಳೆಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. 2025ರಲ್ಲಿ ದರ ಇಳಿದಿದೆ, ಮತ್ತೆ ಏರದು ಎಂದು ಯಾರೂ ಬರೆದುಕೊಟ್ಟಿಲ್ಲ. ಕೊಳ್ಳುವ ಮೊದಲು ಈಗಿನ ದರಕ್ಕೆ ಶೇ. 2ನ್ನು ಸೇರಿಸಿ ಕಂತಿನ ಲೆಕ್ಕ ಹಾಕಿ. ಅದನ್ನು ಸಂಬಳದಿಂದಲೋ ಪಿಂಚಣಿಯಿಂದಲೋ ಬಾಡಿಗೆ ಬಾರದೆಯೂ ಆರು ತಿಂಗಳು ಕಟ್ಟಬಲ್ಲಿರಾದರೆ ಮುಂದುವರಿಯಿರಿ.

ಆರು ತಿಂಗಳು ಎಂದದ್ದು ಸುಮ್ಮನೆ ಅಲ್ಲ. 2020ರ ಏಪ್ರಿಲ್‌ನಿಂದ ಮಾರತಹಳ್ಳಿ, ಬಿಟಿಎಂ ಬಡಾವಣೆ, ಎಲೆಕ್ಟ್ರಾನಿಕ್ಸ್ ಸಿಟಿಯ ಸುತ್ತಲಿನ ಪಿ.ಜಿ.ಗಳು ಬರಿದಾದವು. ಕಟ್ಟಡವನ್ನು ಇಡಿಯಾಗಿ ಒಬ್ಬ ಪಿ.ಜಿ. ನಡೆಸುವವನಿಗೆ ಒಪ್ಪಿಸಿ, ಅವನೊಬ್ಬನ ಬಾಡಿಗೆಯಿಂದಲೇ ಕಂತು ಕಟ್ಟುತ್ತಿದ್ದ ನನ್ನ ಪರಿಚಯದ ಮಾಲೀಕರೊಬ್ಬರಿಗೆ ಅವನು ಒಂದು ಬೆಳಿಗ್ಗೆ ಬೀಗದ ಕೈ ಕೊಟ್ಟು ಊರಿಗೆ ಹೋದ. ಅದನ್ನು ಮತ್ತೆ ಸಂಸಾರಗಳಿಗೆ ಕೊಡಲಾಗಲಿಲ್ಲ. ಎಲ್ಲ ಕಡೆ ಗೋಡೆ ಎಬ್ಬಿಸಿ ಸಣ್ಣ ಸಣ್ಣ ಕೋಣೆ ಮಾಡಿ, ಒಂದೇ ಅಡುಗೆಮನೆ ಉಳಿಸಿದ್ದರು. ಒಂದೇ ಉದ್ಯಮದ ಜನರನ್ನು, ಒಬ್ಬನೇ ಬಾಡಿಗೆದಾರನನ್ನು ನಂಬಿದ ಕಟ್ಟಡಕ್ಕೆ ಈ ಅಪಾಯ ಯಾವಾಗಲೂ ಇದೆ. ಇನ್ನು ಬಾಡಿಗೆ ಏರಿಸುವ ಆಸೆಯ ಲೆಕ್ಕ ನೋಡಿ. 25,000ಕ್ಕೆ ಇರುವವರನ್ನು 27,000 ಕೊಡಿ ಎಂದು ಒತ್ತಾಯಿಸಿ, ಅವರು ಬಿಟ್ಟುಹೋಗಿ, ಮನೆ ಒಂದು ತಿಂಗಳು ಖಾಲಿ ಇತ್ತು ಎಂದುಕೊಳ್ಳಿ. ಉಳಿದ ಹನ್ನೊಂದು ತಿಂಗಳಲ್ಲಿ ಹೆಚ್ಚುವರಿಯಾಗಿ ಬಂದದ್ದು 22,000, ಹೋದದ್ದು 25,000, ಜೊತೆಗೆ ದಲ್ಲಾಳಿಯ ಹಣ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಟ್ಟು, ಮನೆಯನ್ನು ತಮ್ಮದರಂತೆ ನೋಡಿಕೊಳ್ಳುವವರನ್ನು ಉಳಿಸಿಕೊಳ್ಳುವುದು ಸೌಜನ್ಯವೂ ಹೌದು, ಲೆಕ್ಕವೂ ಹೌದು.

ತೆರಿಗೆಯ ಭಾಗವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಂದ ಬಾಡಿಗೆಯಿಂದ ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ರಿಪೇರಿ ಮುಂತಾದ ಖರ್ಚಿಗೆಂದು ಬಿಡುತ್ತಾರೆ. ನೀವು ನಿಜವಾಗಿ ಕಡಿಮೆ ಖರ್ಚು ಮಾಡಿದರೂ ಶೇ. 30, ಹೆಚ್ಚು ಮಾಡಿದರೂ ಅಷ್ಟೇ. ನಮ್ಮ ಉದಾಹರಣೆಯಲ್ಲಿ ಹನ್ನೊಂದು ತಿಂಗಳ 2,75,000ದಲ್ಲಿ 9,000 ಕಂದಾಯ ಹೋಗಿ 2,66,000, ಅದರ ಶೇ. 30 ಎಂದರೆ 79,800 ಕಳೆದು 1,86,200. ಇದರಿಂದ ಸಾಲದ ಬಡ್ಡಿಯನ್ನು ಕಳೆಯಬಹುದು. ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳ ಮುಂತಾದ ಆದಾಯದ ಎದುರು ವಜಾ ಮಾಡಿ, ಉಳಿದದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಮನೆ ಬಾಡಿಗೆಯ ಆದಾಯದ ಎದುರು ಕಳೆಯಬಹುದು. ಹೊಸ ಪದ್ಧತಿಯಲ್ಲಿ ಈ ನಷ್ಟವನ್ನು ಸಂಬಳದ ಎದುರು ವಜಾ ಮಾಡುವಂತಿಲ್ಲ. ‘ಸಾಲ ಮಾಡಿ ಮನೆ ಕೊಂಡರೆ ತೆರಿಗೆ ಉಳಿಯುತ್ತದೆ’ ಎಂಬ ಹಳೆಯ ಮಾತನ್ನು ನಂಬಿ ಇಂದು ಕೊಳ್ಳುವವರು ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂದು ಮೊದಲು ನೋಡಿಕೊಳ್ಳಬೇಕು. ಭೋಗ್ಯಕ್ಕೆ ಕೊಟ್ಟವರು ಬಾಡಿಗೆ ಬರುವುದಿಲ್ಲವಾದ್ದರಿಂದ ತೆರಿಗೆಯೂ ಇಲ್ಲ ಎಂದು ತಿಳಿಯಬೇಡಿ. ಆ ಮನೆಗೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದಿತ್ತು ಎಂಬುದರ ಮೇಲೆ ಕಾನೂನು ಲೆಕ್ಕ ಹಾಕುತ್ತದೆ.

ನಿಮ್ಮ ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು, ಇಲ್ಲಿನ ಫ್ಲ್ಯಾಟು ಅವರ ಹೆಸರಿನಲ್ಲಿದ್ದರೆ ಇದನ್ನು ಗಮನವಿಟ್ಟು ಕೇಳಿ. ಇಲ್ಲಿ ವಾಸಿಸುವ ಮಾಲೀಕರಿಗಾದರೆ, ತಿಂಗಳ ಬಾಡಿಗೆ 50,000 ದಾಟಿದಾಗ ಮಾತ್ರ ಬಾಡಿಗೆದಾರರು ಮೂಲದಲ್ಲೇ ಶೇ. 2 ತೆರಿಗೆ ಮುರಿಯಬೇಕು. ಈ ದರ 2024ರ ಅಕ್ಟೋಬರಿಗೆ ಮುಂಚೆ ಶೇ. 5 ಇತ್ತು. ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆ ಹತ್ತು ಸಾವಿರವೇ ಇರಲಿ, ಸೆಸ್ ಸೇರಿ ಶೇ. 31.2ರಷ್ಟನ್ನು ಮುರಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರ ಮೇಲಿದೆ. ಇದನ್ನು ಹೇಳದೆ ಮನೆ ಕೊಟ್ಟರೆ ನೋಟಿಸು ಬರುವುದು ಏನೂ ಅರಿಯದ ಬಾಡಿಗೆದಾರರಿಗೆ. ಮಾಲೀಕರ ಒಟ್ಟು ತೆರಿಗೆ ಅಷ್ಟಾಗುವುದಿಲ್ಲವಾದರೆ ಕಡಿಮೆ ದರದಲ್ಲಿ ಮುರಿಯಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು, ಹೆಚ್ಚು ಮುರಿದದ್ದನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು.

ಕಳೆದ ಸಲ ಇಂಥದೇ ಸಭೆಯಲ್ಲಿ ಒಬ್ಬ ಹಿರಿಯರು, ಹನ್ನೆರಡು ವರ್ಷ ಬಾಡಿಗೆಗೆ ಇದ್ದರೆ ಮನೆ ಅವರದ್ದೇ ಆಗುತ್ತದಂತೆ, ನಿಜವೇ ಎಂದು ಆತಂಕದಿಂದ ಕೇಳಿದರು. ನಿಜವಲ್ಲ. ಬಾಡಿಗೆದಾರರು ಮಾಲೀಕರ ಅನುಮತಿಯಿಂದ ಇರುವವರು. ಅವರು ಎಷ್ಟು ವರ್ಷ ಬಾಡಿಗೆ ಕಟ್ಟಿಕೊಂಡು ಇದ್ದರೂ ಅದರಿಂದ ಒಡೆತನ ಹುಟ್ಟುವುದಿಲ್ಲ. ಅಪಾಯ ಇರುವುದು ಕಾಗದಪತ್ರವೇ ಇಲ್ಲದೆ, ಬಾಡಿಗೆಯ ದಾಖಲೆಯೇ ಇಲ್ಲದೆ ‘ಇರಲಿ ಬಿಡಿ’ ಎಂದು ಬಿಟ್ಟ ಮನೆಗಳಲ್ಲಿ. ಹನ್ನೊಂದು ತಿಂಗಳ ಕರಾರು ರೂಢಿಯಾದದ್ದಕ್ಕೆ ಕಾರಣ, ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ಹೇಳುವುದು. ಕರ್ನಾಟಕ ಬಾಡಿಗೆ ಕಾಯಿದೆ 1999ರದ್ದು. ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸದ ಕಾರಣ ಇಂದು ನಿಮ್ಮ ಮನೆಗಳೆಲ್ಲ ಹೆಚ್ಚುಕಡಿಮೆ ಅದರ ಹೊರಗಿವೆ. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಕೊನೆಗೊಳಿಸಲು ಹದಿನೈದು ದಿನಗಳ ನೋಟಿಸು ಸಾಕು. ನೋಟಿಸಿಗೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು. ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ಒಂದು ತಿಂಗಳ ಬಾಡಿಗೆ ಬಾಕಿಯಾದಾಗ ಹೋಗಿ ಮಾತಾಡಿ, ಎರಡನೆಯ ತಿಂಗಳಿಗೆ ಬರವಣಿಗೆಯಲ್ಲಿ ಕೇಳಿ. ಬಾಕಿಯ ಮೊತ್ತ ಮುಂಗಡವನ್ನು ಮೀರುವವರೆಗೆ ಸುಮ್ಮನಿರುವುದೇ ಹೆಚ್ಚಿನ ನಷ್ಟಗಳಿಗೆ ಮೂಲ.

ವಿಮೆಯನ್ನು ಮರೆಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಮನೆಗಳಿಗೆ ನೀರು ನುಗ್ಗಿದ್ದನ್ನು ನೋಡಿದ್ದೀರಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ಪ್ರವಾಹ, ಭೂಕಂಪಗಳ ಜೊತೆಗೆ, ಅಂತಹ ಅನಾಹುತದಿಂದ ಮನೆ ವಾಸಯೋಗ್ಯವಲ್ಲದೆ ಹೋದಾಗ ತಪ್ಪುವ ಬಾಡಿಗೆಗೂ ರಕ್ಷಣೆಯಿದೆ. ವಿಮೆ ಮಾಡಿಸಬೇಕಾದದ್ದು ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ಮೊತ್ತಕ್ಕೆ. ನೆಲದ ಬೆಲೆ ಸೇರಿಸಿ ಹೆಚ್ಚು ಪ್ರೀಮಿಯಂ ಕಟ್ಟುವ ಅಗತ್ಯವಿಲ್ಲ.

ಕೊನೆಯದಾಗಿ ಒಂದು ಮನೆಯ ವಿಷಯ ಹೇಳಬೇಕು. ನಮ್ಮ ಬೀದಿಯಲ್ಲೇ ಇದ್ದ ಹಿರಿಯರೊಬ್ಬರು ಹೃದಯಾಘಾತದಿಂದ ಹಠಾತ್ತಾಗಿ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವರ ಮೂವರು ಬಾಡಿಗೆದಾರರು ಒಬ್ಬೊಬ್ಬರಾಗಿ ಬಂದು ಮುಂಗಡದ ವಿಷಯ ಎತ್ತಿದರು. ಮಕ್ಕಳಿಬ್ಬರೂ ಹೊರ ಊರಿನಲ್ಲಿದ್ದವರು, ಯಾರಿಂದ ಎಷ್ಟು ಪಡೆದಿದ್ದರೆಂದು ಅವರಿಗೆ ಗೊತ್ತಿರಲಿಲ್ಲ. ಬಾಡಿಗೆ ಬೀಳುತ್ತಿದ್ದ ಖಾತೆಗೆ ನಾಮಿನಿ ಇರಲಿಲ್ಲ. ಕಾನೂನಿನ ಪ್ರಕಾರ ಆಸ್ತಿ ಪಡೆದ ವಾರಸುದಾರರಿಗೆ ಆ ಆಸ್ತಿಯ ಮಟ್ಟಿಗೆ ಈ ಸಾಲಗಳೂ ಬರುತ್ತವೆ. ಆದರೆ ಸಾಲ ಎಷ್ಟು ಎಂದು ಯಾರು ಹೇಳಬೇಕು? ಮಾತು ಬಿಸಿಯಾಗುವ ಹೊತ್ತಿಗೆ ಅವರ ಪತ್ನಿ ಒಳಗೆ ಹೋಗಿ, ಹಾಲಿನ ಲೆಕ್ಕ ಬರೆಯುತ್ತಿದ್ದ ಪುಸ್ತಕ ತಂದರು. ಅದರ ಹಿಂದಿನ ಪುಟಗಳಲ್ಲಿ ಮೂರು ಮನೆಗಳವರ ಹೆಸರು, ಬಂದ ದಿನಾಂಕ, ಪಡೆದ ಮುಂಗಡ, ಹಿಂದಿರುಗಿಸಬೇಕಾದ ಬಾಕಿ ಎಲ್ಲವನ್ನೂ ಆ ತಾಯಿ ಬರೆದಿಟ್ಟಿದ್ದರು. ಮೂವರು ಹೇಳಿದ ಮೊತ್ತಕ್ಕೂ ಪುಸ್ತಕದ ಮೊತ್ತಕ್ಕೂ ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ. ಮೂರು ಕುಟುಂಬಗಳೂ ಈಗಲೂ ಅದೇ ಮನೆಗಳಲ್ಲಿವೆ, ಬಾಡಿಗೆ ಈಗ ಆ ತಾಯಿಯ ಖಾತೆಗೆ ಬರುತ್ತದೆ.